ನೂರೈವತ್ತಕ್ಕೆ ಕಡಿಮೆಯಿಲ್ಲ

ಕೆಲಸ ಕೇಳಲು ಬಂದವನಿಗೆ ಯಾರೂ ಕೇಸರಿಬಾತು ಕೊಡುವುದಿಲ್ಲ. ಮರುಳಸಿದ್ದಪ್ಪನಿಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ. ತಟ್ಟೆಯ ಒಂದು ಕಡೆ ಉಪ್ಪಿಟ್ಟು, ಇನ್ನೊಂದು ಕಡೆ ದ್ರಾಕ್ಷಿ ಗೋಡಂಬಿ ಹಾಕಿದ ಕೇಸರಿಬಾತು. ಎದುರಿಗೆ ಯಜಮಾನರಾದ ಗುರುಬಸಪ್ಪ, ಪಕ್ಕದಲ್ಲಿ ಅವರ ಹೆಂಡತಿ ಸಿದ್ದಗಂಗಮ್ಮ. ಗುಮಾಸ್ತನ ಸಂದರ್ಶನಕ್ಕೆ ಯಜಮಾನರ ಹೆಂಡತಿ ರೇಷ್ಮೆ ಸೀರೆ ಉಟ್ಟು ಕೂರುವುದುಂಟೆ?

ಜಯನಗರದಲ್ಲಿ ಆಗ ದಿನಕ್ಕೊಂದು ಮನೆ ಏಳುತ್ತಿದ್ದ ಕಾಲ. ಮನೆ ಎದ್ದಮೇಲೆ ಬಾಗಿಲು ಕಿಟಕಿ ಬೇಕಲ್ಲ, ಅದನ್ನು ಮಾಡಿಕೊಡುತ್ತಿದ್ದವರು ಗುರುಬಸಪ್ಪ. ಲೆಕ್ಕ ಬರೆಯಲು ಜನ ಬೇಕೆಂದು ಪತ್ರಿಕೆಯಲ್ಲಿ ಹಾಕಿಸಿ, ಭಾನುವಾರ ಬೆಳಿಗ್ಗೆ ಮನೆಗೇ ಬರಹೇಳಿದ್ದರು.

ಮರುಳಸಿದ್ದಪ್ಪ ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದ. ನೂರೈವತ್ತಕ್ಕೆ ಒಂದು ಕಾಸೂ ಕಡಿಮೆ ಒಪ್ಪಬಾರದು. ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಈಗ ನೂರಹತ್ತು ಬರುತ್ತಿತ್ತು. ಅದರಲ್ಲಿ ವಿಲ್ಸನ್ ಗಾರ್ಡನ್ನಿನ ಒಂದು ರೂಮಿನಲ್ಲಿ ಇನ್ನೂ ಮೂವರ ಜೊತೆ ಮಲಗುವುದಷ್ಟೇ ಸಾಧ್ಯ. ತಾಯಿ ಬಸವಲಿಂಗಮ್ಮ ಊರಿನಲ್ಲಿ, ಅಣ್ಣನ ಮನೆಯಲ್ಲಿ, ಅತ್ತಿಗೆ ಹಾಕಿದ್ದನ್ನು ತಲೆ ಬಗ್ಗಿಸಿ ತಿನ್ನುತ್ತಿದ್ದಳು. ಹೋದ ಸಲ ಬಸ್ಸಿನವರೆಗೆ ಬಂದು, ಕರ್ಕೊಂಡು ಹೋಗ್ತೀಯೇನಪ್ಪಾ ಎಂದು ಕೇಳಿದ್ದಳು. ನೂರೈವತ್ತು ಬಂದರೆ ಒಂದು ಪುಟ್ಟ ಮನೆ, ಅಮ್ಮನಿಗೆ ಅವಳದೇ ಒಲೆ. ಅದಕ್ಕೇ ಕನ್ನಡಿಯ ಮುಂದೆ ನಿಂತು "ನೂರೈವತ್ತು, ಸಾರ್" ಎಂದು ವಾರವಿಡೀ ಅಭ್ಯಾಸ ಮಾಡಿದ್ದ. ರೂಮಿನವರು ಬಿದ್ದು ಬಿದ್ದು ನಕ್ಕಿದ್ದರು.

ಇಲ್ಲಿ ನೋಡಿದರೆ ಲೆಕ್ಕದ ಪ್ರಶ್ನೆಯೇ ಇಲ್ಲ. ಮನೆದೇವರು ಯಾವುದು, ಯಾವ ಮಠಕ್ಕೆ ನಡೆದುಕೊಳ್ಳುತ್ತೀರಿ, ಅಣ್ಣತಮ್ಮಂದಿರೆಷ್ಟು, ಬೀಡಿ ಸಿಗರೇಟು ಉಂಟೋ ಎಂದು ಗುರುಬಸಪ್ಪ ವಿಚಾರಿಸಿದರು. ಸಿದ್ದಗಂಗಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಹುಡುಗ ಲಕ್ಷಣವಾಗಿದ್ದಾನೆ ಎಂದು ಗಂಡನಿಗೆ ಮೆಲ್ಲಗೆ, ಆದರೆ ಇವನಿಗೂ ಕೇಳುವ ಹಾಗೆ ಹೇಳಿದರು.

ಅಷ್ಟರಲ್ಲಿ ಕಾಫಿ ಬಂತು. ತಂದವಳು ಹಸಿರು ರೇಷ್ಮೆ ಸೀರೆಯ ಹುಡುಗಿ. ಜಡೆಯ ತುಂಬ ಮಲ್ಲಿಗೆ, ತಗ್ಗಿಸಿದ ತಲೆ. ಲೋಟ ಕೊಟ್ಟು, ಬಾಗಿಲ ಪಕ್ಕ ನಿಂತುಕೊಂಡಳು.

"ನಮ್ಮ ಜಯಾ. ಇಂಗ್ಲಿಷ್ ಟೈಪಿಂಗೂ ಬರುತ್ತೆ," ಎಂದರು ಸಿದ್ದಗಂಗಮ್ಮ.

ಮರುಳಸಿದ್ದಪ್ಪನ ಕಿವಿ ಕೆಂಪಾಯಿತು. ಅಯ್ಯೋ ಶಿವನೇ, ಇದು ಗುಮಾಸ್ತನ ಸಂದರ್ಶನವಲ್ಲ, ಗಂಡು ನೋಡುವ ಶಾಸ್ತ್ರ! ಮಗಳಿರುವ ಮನೆಯವರು ಯಾವ ಯಾವ ದಾರಿ ಹಿಡಿಯುತ್ತಾರೋ ಯಾರಿಗೆ ಗೊತ್ತು.

ಗುರುಬಸಪ್ಪ ನಿಟ್ಟುಸಿರಿಟ್ಟರು. "ನಮಗೆ ಗಂಡುಮಕ್ಕಳಿಲ್ಲ. ಈ ಬಿಸ್ನೆಸ್ನ ಮನೆಯವನ ಥರ ನೋಡ್ಕೊಳ್ಳೋರು ಬೇಕು. ಸಂಬಳ ಎಷ್ಟು ಅಂದ್ಕೊಂಡಿದ್ದೀರಿ?"

ಕನ್ನಡಿಯ ಮುಂದೆ ಕಲಿತ ಮಾತನ್ನು ಅವನು ಅಲ್ಲೇ ಕೈಬಿಟ್ಟ. ಮಾವನಾಗುವವರ ಹತ್ತಿರ ಚೌಕಾಸಿಯೇ? ನೂರಮೂವತ್ತು ಎಂದ. ದುಡ್ಡಿನ ಆಸೆಯ ಹುಡುಗರು ನಮಗೆ ಸರಿಹೋಗುವುದಿಲ್ಲ ಎನ್ನುತ್ತ ಸಿದ್ದಗಂಗಮ್ಮ ವೀಳ್ಯದೆಲೆಗೆ ಸುಣ್ಣ ಸವರಿದರು. ಅವನು ತಡಬಡಿಸಿ ನೂರಕ್ಕೆ ಇಳಿದ. ಜಯಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಅವನು ತೊಂಬತ್ತೆಂದ.

ತಾಯಿ ಎಲ್ಲಿದ್ದಾರೆಂದು ಗುರುಬಸಪ್ಪ ಕೇಳಿದರು. ಹೇಳುತ್ತ ಹೇಳುತ್ತ ಮರುಳಸಿದ್ದಪ್ಪನ ಕಣ್ಣು ಮಹಡಿ ಮೆಟ್ಟಿಲ ಕಡೆ ಹೋಯಿತು. ಮೇಲೆ ಎರಡು ಕೋಣೆಯಾದರೂ ಇದ್ದೀತು. ಒಂದರಲ್ಲಿ ಅಮ್ಮ ಆರಾಮವಾಗಿ ಕೂತು ಪೂಜೆ ಮಾಡಿಕೊಳ್ಳಬಹುದು. ಸಂತೋಷಕ್ಕೆ ಅವನಿಗೆ ಅಳುವೇ ಬಂತು.

"ಎಂಬತ್ತೇ ಸಾಕು ಸಾರ್," ಎಂದ.

ಗುರುಬಸಪ್ಪ ಕಿವಿ ಮುಟ್ಟಿಕೊಂಡರು. ಅಷ್ಟು ಕಡಿಮೆ ಕೊಟ್ಟರೆ ನೋಡಿದವರು ಏನಂದಾರು, ತೊಂಬತ್ತಾದರೂ ತೆಗೆದುಕೊಳ್ಳಿ ಎಂದು ಬೇಡಿಕೊಂಡರು. ಇವನು ಪಟ್ಟು ಬಿಡಲಿಲ್ಲ. ಅವರು ಎಂಬತ್ತೈದೆಂದರು, ಇವನು ಎಂಬತ್ತೇ ಎಂದ. ಕೊನೆಗೆ ಅವರು ಸೋತು, ಒಂದು ವರ್ಷದ ಕರಾರಿನ ಕಾಗದ ಮುಂದಿಟ್ಟರು.

"ಒಂದು ವರ್ಷ ನಿಮ್ಮ ಕೆಲಸ ನೋಡೋಣ. ಮಿಕ್ಕಿದ್ದು ಆಮೇಲೆ ಮಾತಾಡೋಣ."

ಹುಡುಗಿಯ ತಂದೆ ಇನ್ನೆಷ್ಟು ಬಿಡಿಸಿ ಹೇಳಬೇಕು? ಮರುಳಸಿದ್ದಪ್ಪ ರುಜು ಹಾಕಿ, ಇಬ್ಬರ ಕಾಲಿಗೂ ಬಿದ್ದು ಹೊರಟ. ನಾಲ್ಕನೇ ಬ್ಲಾಕಿನ ಅಂಚೆ ಡಬ್ಬಿಯ ಹತ್ತಿರ ನಿಂತು, ಗಂಟುಮೂಟೆ ಕಟ್ಟಿಕೊಂಡು ಹೊರಟು ಬಾ ಎಂದು ಅಮ್ಮನಿಗೆ ಕಾರ್ಡು ಬರೆದು ಹಾಕಿಯೇಬಿಟ್ಟ.

ಇತ್ತ ಜಯಾ ಕೊರಳಿನ ಸರ ಬಿಚ್ಚಿ ಸಿದ್ದಗಂಗಮ್ಮನ ಕೈಗೆ ಕೊಟ್ಟು, ಗುರುಬಸಪ್ಪನ ಎದುರಿನ ಕುರ್ಚಿ ಎಳೆದು ಕೂತಳು.

"ಸಾರ್, ಟೈಪಿಸ್ಟ್ ಅಂತ ಸೇರಿಸ್ಕೊಂಡು ಮಗಳ ಥರ ನಿಲ್ಲಿಸ್ತೀರಿ, ಹೀಗೆ ಬಲೆಗೆ ಬಿದ್ದವರಲ್ಲಿ ಇವರು ಮೂರನೇ ಗುಮಾಸ್ತರು, ನನ್ನ ಸಂಬಳ ಇಪ್ಪತ್ತು ರೂಪಾಯಿ ಏರಿಸದಿದ್ರೆ, ಮುಂದಿನವರಿಗೆ ಕಾಫಿ ಕೊಡೋವಾಗ ನಿಮಗೆ ಮಕ್ಕಳೇ ಇಲ್ಲ ಅಂತ ಹೇಳ್ಬಿಡ್ತೀನಿ."