ನಿಂತಲ್ಲಿ ನಿಲ್ಲದ ಲಾರಿ

"ಹ್ಯಾಂಡ್ ಬ್ರೇಕ್ ಎಳೆದಿದ್ದೆ. ಗೇರು ಪಾರ್ಕ್‌ನಲ್ಲೇ ಇದೆ. ನಂಬಿಕೆ ಇಲ್ದಿದ್ರೆ ಹತ್ತಿ ನೋಡ್ರಿ" ಎಂದಳು ನಿಯೆವೆಸ್.

ಯಾರೂ ಹತ್ತಲಿಲ್ಲ. ಲಾರಿಯ ಮೂತಿ ಮೇರಿ ಮಾತೆಯ ಗೂಡಿನೊಳಗೆ ಹೊಕ್ಕಿತ್ತು. ಲಾ ಪಾಸ್ ನಗರದ ಆ ಕಡಿದಾದ ಮಣ್ಣುಬೀದಿಯಲ್ಲಿ ಚಾಲಕರ ಸಂಘದವರು ಚಂದಾ ಎತ್ತಿ ಕಟ್ಟಿಸಿದ್ದ ಗೂಡು ಅದು. ಗಾಜು ಪುಡಿ, ಹೂದಾನಿ ಪುಡಿ. ಮಾತೆಯ ಮೂರ್ತಿ ಮಾತ್ರ ಲಾರಿಯ ಬಂಪರಿಗೆ ಒರಗಿ ನೆಟ್ಟಗೆ ನಿಂತಿತ್ತು.

ಸಂಘದ ಮುಖ್ಯಸ್ಥ ಡಾನ್ ಫ್ರೋಯಿಲಾನ್ ಕೆನ್ನೆಯೊಳಗಿನ ಕೋಕಾ ಎಲೆಯ ಉಂಡೆಯನ್ನು ಆಚೆ ಕೆನ್ನೆಗೆ ಹೊರಳಿಸಿದ.

"ಹಾಗಾದ್ರೆ ಲಾರಿ ಮಾತೆಗೆ ಕೈಮುಗಿಯೋಕೆ ತಾನೇ ಇಳ್ಕೊಂಡು ಬಂತೇನಮ್ಮ ತಂಗಿ?"

ಗಂಡಸರು ಗೊಳ್ಳೆಂದು ನಕ್ಕರು.

"ನನ್ನ ಮಗಳು ಬ್ರೇಕ್ ಎಳೆದೇ ಇಳಿದಿದ್ದು! ಕಣ್ಣಾರೆ ನೋಡಿದೀನಿ!" ಲಾರಿ ಅಡ್ಡೆಯ ಮೂಲೆಯಲ್ಲಿ ಆಪಿ ಎಂಬ ಮೆಕ್ಕೆಜೋಳದ ಬಿಸಿ ಪಾನೀಯ ಮಾರುವ ಡೊನ್ಯಾ ಎಲೂತೆರಿಯಾ ಸೌಟು ಹಿಡಿದೇ ಓಡಿಬಂದಿದ್ದಳು.

"ಹೆತ್ತೋರು ಇನ್ನೇನು ಹೇಳ್ತಾರೆ ಡೊನ್ಯಾ? ನೀವು ಹೋಗಿ ಆಪಿ ಕಲಕಿ." ಫ್ರೋಯಿಲಾನ್ ನಿಯೆವೆಸ್ ಕಡೆ ತಿರುಗಿದ. "ಇವತ್ತಿಂದ ನಿನಗೆ ಸರದಿ ಇಲ್ಲ. ಲಾರಿ ತಗೊಂಡು ಎಲ್ಲಿಗಾದ್ರೂ ಹೋಗು."

ಸರದಿ ಇಲ್ಲದಿದ್ದರೆ ಬಾಡಿಗೆ ಇಲ್ಲ. ಆ ಸರದಿ ಯಾರಿಗೆ ಹೋಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಫ್ರೋಯಿಲಾನನ ಅಳಿಯ ಅಲ್ಲೇ ಬೀಗದ ಕೈ ತಿರುಗಿಸುತ್ತ ನಿಂತಿದ್ದ.

ನಿಯೆವೆಸ್ ಬೀದಿ ಏರಿದಳು. ಬೆಳಿಗ್ಗೆ ಲಾರಿ ನಿಲ್ಲಿಸಿದ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬಲಗಡೆಯ ಹಿಂದಿನ ಚಕ್ರ ಇದ್ದಲ್ಲಿ ಮಣ್ಣು ದುಂಡಗೆ ಒತ್ತಿಹೋಗಿತ್ತು. ಪಕ್ಕದಲ್ಲಿ ಮೂರ್ನಾಲ್ಕು ಕೋಕಾ ಎಲೆ.

ಅವಳು ಹಿಂದೆಯೇ ಏರಿ ಬಂದ ಫ್ರೋಯಿಲಾನನ ಉಬ್ಬಿದ ಕೆನ್ನೆ ನೋಡಿದಳು.

"ತಪ್ಪು ನಂದಲ್ಲ ಅಂತ ತೋರಿಸಿದ್ರೆ?"

"ಸರದಿ ನಿಂದೇ."

"ಅಷ್ಟು ಸಾಲದು. ತಪ್ಪು ಮಾಡಿದೋರು ಗೂಡು ಕಟ್ಟಿಸಿಕೊಡ್ಬೇಕು. ಆಮೇಲೆ ಈ ಅಡ್ಡೆಗೆ ಕಾಲಿಡಬಾರದು. ಯಾರೇ ಆಗಿರ್ಲಿ. ಮಾತೆ ಮುಂದೆ ಹೇಳಿ."

ಫ್ರೋಯಿಲಾನ್ ಟೋಪಿ ತೆಗೆದ. "ಯಾರೇ ಆಗಿರ್ಲಿ. ಆಯ್ತಾ?"

ಅವಳು ಲಾರಿಯನ್ನು ಮೇಲಕ್ಕೆ ತಂದು ಅದೇ ಜಾಗದಲ್ಲಿ ನಿಲ್ಲಿಸಿದಳು. ಪಾರ್ಕ್. ಹ್ಯಾಂಡ್ ಬ್ರೇಕ್. ಇಳಿದು ಹೋಗಿ ಲಾರಿಯ ಮುಂದೆ ಎದೆಯೊಡ್ಡಿ ನಿಂತಳು.

"ಹಿಂದಿನಿಂದ ತಳ್ಳಿ. ಎಲ್ಲರೂ."

ತಳ್ಳಿದರು. ಮುಖ ಕೆಂಪಾಯಿತೇ ಹೊರತು ಲಾರಿ ಮಿಸುಕಲಿಲ್ಲ.

"ಈಗ ನಿಮ್ಮ ಜಾಕಿ ಕೊಡಿ, ಡಾನ್ ಫ್ರೋಯಿಲಾನ್."

ಮುಂದಿನ ಚಕ್ರಗಳಿಂದ ಗೇಣು ದೂರದಲ್ಲಿ ದಪ್ಪ ಕಲ್ಲುಗಳನ್ನಿಟ್ಟು, ಬಲಗಡೆಯ ಹಿಂದಿನ ಚಕ್ರವನ್ನು ಜಾಕಿಯಿಂದ ಎತ್ತಿದಳು. ಚಕ್ರ ನೆಲ ಬಿಟ್ಟದ್ದೇ ತಡ, ಲಾರಿ ಮುಂದಕ್ಕೆ ಜಾರಿತು. ಎತ್ತಿದ ಚಕ್ರ ಹಿಮ್ಮುಖವಾಗಿ ತಿರುಗಿತು. ಜಾಕಿ ಉರುಳಿತು. ಮುಂದಿನ ಚಕ್ರಗಳು ಧಡ್ಡನೆ ಕಲ್ಲಿಗೆ ಬಡಿದು ನಿಂತವು.

ಈ ಸಲ ಯಾರೂ ನಗಲಿಲ್ಲ.

"ಈ ಲಾರೀಲಿ ಪಾರ್ಕೂ ಬ್ರೇಕೂ ಎರಡೂ ಹಿಡಿಯೋದು ಹಿಂದಿನ ಚಕ್ರಗಳನ್ನ ತಿರುಗಿಸೋ ನಡುವಿನ ಶಾಫ್ಟನ್ನ, ಚಕ್ರಾನ ಅಲ್ಲ. ಹಿಂದಿನ ಒಂದು ಚಕ್ರ ಎತ್ತಿದ್ರೆ ಅದು ಹಿಂದಕ್ಕೆ ತಿರುಗುತ್ತೆ, ನೆಲದ ಮೇಲಿರೋದು ಮುಂದಕ್ಕೆ ಹೋಗುತ್ತೆ. ನಾನು ಸರದಿಗೆ ಹೆಸರು ಬರೆಸೋಕೆ ಒಳಗೆ ಹೋದಾಗ ಯಾರೋ ಜಾಕಿ ಹಾಕಿದ್ದಾರೆ, ಮಣ್ಣಲ್ಲಿ ಅದರ ದುಂಡು ಗುರುತಿತ್ತು." ಅವಳ ಕಣ್ಣು ಫ್ರೋಯಿಲಾನನ ಮೇಲಿಂದ ಕದಲಲಿಲ್ಲ. "ಗಂಡಸಾದ್ರೆ ಮುಂದೆ ಬರ್ಲಿ."

ಫ್ರೋಯಿಲಾನ್ ಬೆವೆತುಹೋದ. "ಮಾತೆಯಾಣೆ, ನಾನಲ್ಲ ತಾಯಿ!"

"ಅವನನ್ನ ಯಾಕೆ ದುರುಗುಟ್ಟಿ ನೋಡ್ತೀಯೇ?" ಡೊನ್ಯಾ ಎಲೂತೆರಿಯಾ ಗುಂಪು ಸೀಳಿಕೊಂಡು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಶುಕ್ರವಾರ ಅಲ್ವಾ, ನಿನ್ನ ಗಾಡಿಗೆ ಕೇಡಾಗದಿರ್ಲಿ ಅಂತ ಚಕ್ರದಡಿ ಭೂತಾಯಿಗೆ ಕೋಕಾ ಎಲೆ ಎಡೆ ಇಡೋಕೆ ಜಾಕಿ ಹಾಕಿ ಎತ್ತಿದೋಳು ನಾನು, ಎಡೆ ಒಪ್ಪದೆ ಅವಳೇ ಲಾರಿ ದಬ್ಬಿದ್ಲು ಅಂದ್ಕೊಂಡು ಇಷ್ಟೊತ್ತು ಬಾಯಿ ಮುಚ್ಕೊಂಡಿದ್ದೆ!"