ಅಜ್ಜಿ ಹೇಳದ ಕಥೆ

"ನಾನು ಕಳಿಸಿದ ಕಥೆಗಳಲ್ಲಿ ಯಾವುದು ಇಷ್ಟ ಅಂತ ಮಗೂನ ಕೇಳೋ," ಎಂದಳು ಅಮ್ಮ, ಸೋಫಾದಲ್ಲಿ ಕಾಲು ಚಾಚಿಕೊಳ್ಳುತ್ತ. ವಿಮಾನ ಇಳಿದು ಮನೆ ಸೇರಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಸೂಟ್‌ಕೇಸಿನ ಬಾಯಿ ಕೂಡ ತೆರೆದಿರಲಿಲ್ಲ.

ಲಿಫ್ಟ್ ರಿಪೇರಿ ಮಾಡುವ ಮಗನ ಎದೆ ಧಸಕ್ಕೆಂದಿತು. ಇಪ್ಪತ್ತನೇ ಮಹಡಿಯಿಂದ ಲಿಫ್ಟಿನ ಹೊಂಡಕ್ಕೆ ಇಣುಕುವಾಗಲೂ ಅವನಿಗೆ ಹೀಗಾದದ್ದಿಲ್ಲ. ಒಂದು ಪಕ್ಕದಲ್ಲಿ ಅಮ್ಮ, ಇನ್ನೊಂದು ಪಕ್ಕದಲ್ಲಿ ಎಂಟು ವರ್ಷದ ಮಗಳು. ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಮೊಮ್ಮಗಳಿಗೆ ತನ್ನ ತಾಯಿಯ ಭಾಷೆ ಬಿಟ್ಟರೆ ಕನ್ನಡದ ಗಂಧಗಾಳಿಯೂ ಇಲ್ಲ. ಇಬ್ಬರೂ ಎದುರುಬದುರು ಕೂತಿರುವುದು ಇದೇ ಮೊದಲು, ಇಬ್ಬರ ಮಾತೂ ಇವನ ಬಾಯಿಂದಲೇ ದಾಟಬೇಕು.

ನಾಲ್ಕು ಮಕ್ಕಳು ದಿಕ್ಕಿಗೊಬ್ಬರಂತೆ ನಾಲ್ಕು ದೇಶ ಸೇರಿದ ಮೇಲೆ ಅಮ್ಮ ಅವರಲ್ಲೊಬ್ಬಳಾದ ಇವನ ಅಕ್ಕನ ಮನೆಯಲ್ಲಿದ್ದಳು. ಅಲ್ಲಿನ ಮಕ್ಕಳ ಗಲಾಟೆ ಸೇರದಿರಲಿ ಎಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಪ್ರತಿ ಭಾನುವಾರ ಈ ಮೊಮ್ಮಗಳಿಗೊಂದು ಕಥೆ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಮೂರು ವರ್ಷ, ಒಂದು ವಾರವೂ ತಪ್ಪದೆ. "ಒಂದೊಂದೇ ವಾಕ್ಯ ನಿಲ್ಲಿಸಿ ಅವಳಿಗೆ ಅರ್ಥ ಹೇಳಪ್ಪ," ಎಂದು ಕೊನೆಗೆ ಸೇರಿಸುತ್ತಿದ್ದಳು. ಇವನು ಮೊದಲ ವಾರ ಸುಸ್ತೆಂದು ಮುಂದೂಡಿದ. ಮುಂದಿನ ವಾರಕ್ಕೆ ಎರಡು ಕಥೆಯಾಯಿತು. ಆಮೇಲೆ ನೆನೆಸಿಕೊಳ್ಳುವುದಕ್ಕೇ ಭಯವಾಗತೊಡಗಿತು. ಒಂದನ್ನೂ ಮಗಳಿಗೆ ಕೇಳಿಸಲಿಲ್ಲ, ತಾನೂ ಕೇಳಲಿಲ್ಲ. "ಬಿದ್ದು ಬಿದ್ದು ನಕ್ಕಳಮ್ಮ," ಎಂದು ಬರೆದು ಕಳಿಸುವುದನ್ನು ಮಾತ್ರ ಮರೆಯಲಿಲ್ಲ.

"ಅಜ್ಜಿ ಏನಂದರು?" ಮಗಳು ತನ್ನ ಭಾಷೆಯಲ್ಲಿ ಕೇಳಿದಳು.

"ನಿನಗೆ ಯಾವ ಪ್ರಾಣಿ ಇಷ್ಟ ಅಂತ."

"ತಿಮಿಂಗಿಲ!"

ಅವನು ಅಮ್ಮನ ಕಡೆ ತಿರುಗಿದ. "ತಿಮಿಂಗಿಲದ ಕಥೆ ಅಂತೆ ಕಣಮ್ಮ. ಅದು ಅಂದ್ರೆ ಇವಳಿಗೆ ಪ್ರಾಣ."

ಸದ್ಯ, ಬಚಾವಾದೆ ಎಂದುಕೊಂಡ. ಅಮ್ಮ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡು ಅವನ ಮುಖವನ್ನೇ ನೋಡಿದಳು.

"ತಿಮಿಂಗಿಲದ ಕಥೆ ನಾನು ಹೇಳೇ ಇಲ್ವಲ್ಲೋ."

ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. "ಅದು... ಕೆಲಸ ಜಾಸ್ತಿ ಅಮ್ಮ..." ಎಂದು ತೊದಲಿದ.

"ಒಂದೂ ಕೇಳಿಸ್ಲಿಲ್ವಾ?"

ತಲೆ ತಗ್ಗಿಸಿದ. ಅಮ್ಮ ಬಯ್ದಿದ್ದರೆ ಚೆನ್ನಾಗಿತ್ತು, ಕಪಾಳಕ್ಕೆ ಬಾರಿಸಿದ್ದರೆ ಇನ್ನೂ ಚೆನ್ನಾಗಿತ್ತು. ಅವಳು ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹೋಗ್ಲಿ, ಈಗ ಹೇಳ್ತೀನಿ. ಒಂದಕ್ಷರ ಬಿಡದೆ ಅವಳಿಗೆ ಹೇಳು. ಒಂದು ಸಮುದ್ರ. ಆ ಕಡೆ ಒಬ್ಳು ಅಜ್ಜಿ, ಈ ಕಡೆ ಮೊಮ್ಮಗಳು. ನಡುವೆ ಒಂದು ತಿಮಿಂಗಿಲ."

ಅವನು ಹೇಳಿದ.

"ಅಜ್ಜಿ ವಾರವಾರ ಒಂದು ಕಥೆ ತೇಲಿಬಿಡೋಳು. ತಿಮಿಂಗಿಲ ಅದನ್ನ ಗುಳುಂ ಅಂತ ನುಂಗೋದು."

ಅದನ್ನೂ ಹೇಳಿದ.

"ನುಂಗಿ, ಮೊಮ್ಮಗಳು ಬಿದ್ದು ಬಿದ್ದು ನಕ್ಕಳು ಅಂತ ಅಜ್ಜಿಗೆ ಸುದ್ದಿ ಕಳಿಸೋದು."

ಅಷ್ಟು ದಾಟಿಸುವಷ್ಟರಲ್ಲಿ ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಮಗಳು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿ ಆ ನಗುವನ್ನು ಕಣ್ಣು ಮಿಟುಕಿಸದೆ ನೋಡಿದಳು.

"ಎಂಥ ಕಳ್ಳ ತಿಮಿಂಗಿಲ!" ಎಂದಳು ಮಗಳು. "ಅಪ್ಪ, ಅದರ ಹೆಸರೇನು, ಕೇಳು."

ಅವನು ಅಮ್ಮನ ಕಡೆ ನೋಡಲಾರದೆ ನೆಲಕ್ಕೆ ಹೇಳಿದ. "ಅದರ ಹೆಸರೇನು ಅಂತ ಕೇಳ್ತಿದ್ದಾಳೆ."

"ನೀನೇ ಹೇಳಪ್ಪ," ಎಂದಳು ಅಮ್ಮ.