ಹದಿನೇಳನೆಯ ಮೊಳೆ

ಸಿದ್ದಲಿಂಗಮ್ಮ ಸೆರಗಿನ ತುದಿಯಲ್ಲಿ ಏನನ್ನೋ ಇಟ್ಟು ಗಂಟು ಹಾಕಿದ್ದನ್ನು ಗುರುಸಿದ್ದಯ್ಯ ಕನ್ನಡಿಯಲ್ಲಿ ಕಂಡ. ಗಡ್ಡ ಹೆರೆಯುತ್ತಿದ್ದ ಕೈ ನಿಂತಿತು. ತಿರುಗಿ ನೋಡಲಿಲ್ಲ. ತಿರುಗಿದರೆ ಕೇಳಬೇಕಾಗುತ್ತಿತ್ತು.

ಹೇಳದೆ ಓಡಿಹೋದ ಮಗ ಕೊಟ್ಟದ್ದೇ ಇರಬೇಕು. ಹೆಂಡತಿ ಅವನನ್ನು ಕದ್ದು ನೋಡಿಬರುತ್ತಾಳೆಂಬ ಗುಮಾನಿ ಅವನಿಗೆ ಬಹಳ ಹಳೆಯದು. ತಿಂಗಳಿಗೊಮ್ಮೆ ಅವಳು ಉದಯಗಿರಿಯ ಮನೆಯಿಂದ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಾಳೆ. ತಂಗಿ ಮನೆಗೆ ಎನ್ನುತ್ತಾಳೆ. ಬರುವಾಗ ಬುತ್ತಿ ಖಾಲಿ, ಕಣ್ಣು ಕೆಂಪು, ಸೀರೆಯ ಅಂಚಿನಲ್ಲಿ ಬಿಳಿ ಹುಡಿ. ಆ ಹುಡಿ ಅವರ ಹಳೆಯ ಊರು ಬಿಳಿಕಲ್ಲೂರಿನದು, ಅಲ್ಲಿ ಮುಚ್ಚಿಹೋದ ಗಣಿಯದು. ಊರು ಚದುರಿ, ಎಲ್ಲರೂ ಮೈಸೂರು ಸೇರಿ ಒಂದು ತಲೆಮಾರಾಗಿತ್ತು. ತಾಯಿ ಮಗ ಗುಟ್ಟಾಗಿ ಭೇಟಿಯಾಗಲು ಅಷ್ಟು ನಿರ್ಜನವಾದ ಜಾಗ ಇನ್ನೆಲ್ಲಿ?

"ಬೇಗ ಹೊರಡು, ಪಂದ್ಯಕ್ಕೆ ಹೊತ್ತಾಯ್ತು," ಎಂದ. "ಇವತ್ತು ಆ ಹದಿನೇಳನೆಯ ಮೊಳೆಗೊಂದು ಗತಿ ಕಾಣಿಸ್ತೀನಿ."

ಅವಳು ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದಳು. "ಗಣಿಯೊಳಕ್ಕೆ ಇಳಿದು ಗಣಿ ಕಾಯೋ ದೇವಿ ಅಮ್ಮನ ಗೂಡಿಗೆ ದೀಪ ಇಡದೆ ಅವನು ಯಾವತ್ತೂ ಆಟಕ್ಕೆ ಹೋದೋನಲ್ಲ ಕಣ್ರೀ."

"ಅವತ್ತು ಫೈನಲ್ಲಿಗೂ ಬರದೆ ಹೋದ. ಮುಂಬೈ ಕ್ಲಬ್ಬಿನೋರ ಕಾರು ಹತ್ತಿ ಹೋದ."

"ಬೂಟು ಬಿಟ್ಟು ಹೋದ್ನೇ?"

"ಮುಂಬೈನೋರು ಹೊಸದು ಕೊಡ್ತಾರಲ್ಲ, ಈ ಹರಕಲು ಯಾಕೆ ಬೇಕು ದೊರೆಗೆ?"

ಗೋಡೆಯಲ್ಲಿ ಮಗ ಲಿಂಗರಾಜುವಿನ ಆಟದ ಬೂಟು ಇನ್ನೂ ನೇತಾಡುತ್ತಿತ್ತು. ಅವಳು ಅದರ ಧೂಳು ಒರೆಸಿದಳು. "ಬೈತಾ ಇರಿ," ಎಂದಳು ಮೆಲ್ಲಗೆ. "ನೀವು ಬೈಯೋವಷ್ಟು ದಿನ ಅವನು ಎಲ್ಲೋ ಒಂದು ಕಡೆ ಇದ್ದಾನೆ ಅನ್ಸುತ್ತೆ."

ರಾಜೀವನಗರದ ಮೈದಾನದಲ್ಲಿ ಕ್ಲಬ್ಬಿನ ವರ್ಷದ ಪಂದ್ಯಕ್ಕೆ ಆಗಲೇ ಜನ ಸೇರಿದ್ದರು. ಗೋಲು ಕಂಬದ ಪಕ್ಕ ನಂಬರು ಬರೆದ ಮೊಳೆಗಳ ಹಲಗೆ. ಬಿಳಿಕಲ್ಲೂರು ಫುಟ್ಬಾಲ್ ಕ್ಲಬ್ಬು ಗಣಿಯಿಂದ ಹೊತ್ತು ತಂದದ್ದು ಅದೊಂದನ್ನೇ. ಗಣಿಗೆ ಇಳಿಯುವ ಮುನ್ನ ಪ್ರತಿ ಆಳೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಯ ಮೊಳೆಗೆ ಹಾಕಬೇಕು. ಮೇಲೆ ಬಂದವನು ತೆಗೆದುಕೊಳ್ಳಬೇಕು. ಬಿಲ್ಲೆ ಇದೆಯೆಂದರೆ ಆಳು ಇನ್ನೂ ಒಳಗಿದ್ದಾನೆ. ಮೇಲೆ ಬಂದ ಹುಡುಗರು ಆಟದ ಆತುರದಲ್ಲಿ ಬಿಲ್ಲೆ ತೆಗೆಯಲು ಮರೆತು ಓಡುವುದಿತ್ತು. ಹಾಗೆ ಮರೆತರೆ ದಂಡ. ಗಣಿಯ ಬಾಯಲ್ಲಿ ಕಲ್ಲು ಆರಿಸುವ ತಾಯಂದಿರು ಮೇಸ್ತ್ರಿಯ ಕಣ್ಣು ತಪ್ಪಿಸಿ ಅಂಥ ಬಿಲ್ಲೆಗಳನ್ನು ತೆಗೆದಿಟ್ಟುಕೊಳ್ಳುತ್ತಿದ್ದರು.

ಆ ಪದ್ಧತಿಯನ್ನೇ ಕ್ಲಬ್ಬು ಉಳಿಸಿಕೊಂಡಿತ್ತು. ಮೈದಾನಕ್ಕಿಳಿಯುವಾಗ ಬಿಲ್ಲೆ ಹಾಕು, ಆಟ ಮುಗಿದಾಗ ತೆಗೆ. ಹಲಗೆ ಖಾಲಿಯಾಗುವವರೆಗೆ ಯಾರೂ ಮನೆಗೆ ಹೊರಡುವಂತಿಲ್ಲ.

ಹದಿನೇಳು ಮಾತ್ರ ಯಾವಾಗಲೂ ಬರಿದು. ಅದು ಲಿಂಗರಾಜುವಿನದು. ತಂಡಕ್ಕೆ ಕೈಕೊಟ್ಟು ಓಡಿದವನ ನಂಬರನ್ನು ಯಾರೂ ಕೇಳಿರಲಿಲ್ಲ. ಇವತ್ತು ಗುರುಸಿದ್ದಯ್ಯನೇ ಹೊಸ ಬಿಲ್ಲೆ ಮಾಡಿಸಿ ತಂದಿದ್ದ. ಹೊಸದಾಗಿ ಸೇರಿದ ಧರಣಿಗೆ ಅದನ್ನು ಕೊಟ್ಟರೆ ಮಗನ ಲೆಕ್ಕ ಮುಗಿಯಿತು.

ಪಂದ್ಯ ಮುಗಿಯಿತು. ಆಡಿದವರೆಲ್ಲ ಬಿಲ್ಲೆ ತೆಗೆದುಕೊಂಡರು. ಅಧ್ಯಕ್ಷ ಪ್ರೇಮ್‌ಕುಮಾರ್ ಮೈಕು ಹಿಡಿದು ವರ್ಷ ವರ್ಷವೂ ಹೇಳುವುದನ್ನೇ ಹೇಳಿದ. ಫೈನಲ್ಲಿನ ದಿನ ಮಧ್ಯಾಹ್ನಕ್ಕೇ ಕೆಲಸ ನಿಲ್ಲಿಸಿದ್ದು. ಮೈಸೂರಿಗೆ ಲಾರಿ ಹೊರಟದ್ದು. ಲಿಂಗರಾಜುವಿಗಾಗಿ ಕಾದು ಕಾದು ಅವನಿಲ್ಲದೆ ಆಡಿ ಸೋತದ್ದು. ಅವನ ಆಟ ನೋಡಲು ಬಂದಿದ್ದ ಮುಂಬೈಯವರ ಕಾರೂ ಆವತ್ತೇ ಊರು ಬಿಟ್ಟದ್ದು. ಲಾರಿ ಹೊರಟ ಮೇಲೆ ಗಣಿಯ ಸೂರು ಕುಸಿಯಿತು. ಮೇಸ್ತ್ರಿ ಓಡಿಬಂದು ಹಲಗೆ ನೋಡಿದ. ಒಂದೂ ಬಿಲ್ಲೆಯಿರಲಿಲ್ಲ. ಅಗೆಯುವ ಗೋಜಿಗೆ ಹೋಗದೆ ಕಂಪನಿ ಗಣಿಯ ಬಾಯಿ ಮುಚ್ಚಿತು.

"ಕಪ್ಪು ಹೋಯ್ತು, ಒಂದು ಜೀವ ಹೋಗಲಿಲ್ಲ," ಎಂದ ಪ್ರೇಮ್‌ಕುಮಾರ್. "ನಮ್ಮೂರನ್ನ ಕಾಪಾಡಿದ್ದು ಫುಟ್ಬಾಲು."

ಜನ ಚಪ್ಪಾಳೆ ತಟ್ಟಿದರು. ಸಿದ್ದಲಿಂಗಮ್ಮನ ಕೈ ಸೆರಗಿನ ಗಂಟಿನ ಮೇಲಿತ್ತು.

ಪಕ್ಕದಲ್ಲಿ ಕೂತಿದ್ದ ಸರೋಜಮ್ಮ, ಅವರೂ ಗಣಿಯಲ್ಲಿ ಕಲ್ಲು ಆರಿಸಿದವರೇ, ಅವಳ ಮೊಣಕೈ ಮುಟ್ಟಿ ಸಮಾಧಾನ ಹೇಳಿದರು. ಮಗನಿಗೆ ತಾಯಿಯ ನೆನಪಾಗದೆ ಇರುತ್ತದೆಯೇ, ಒಂದಲ್ಲ ಒಂದು ದಿನ ಬಂದೇ ಬರುತ್ತಾನೆ ಎಂದರು.

"ಅವನು ಬರೋದಲ್ಲ ಕಣಕ್ಕ," ಎಂದಳು ಸಿದ್ದಲಿಂಗಮ್ಮ. "ನಾವು ಹೋಗಬೇಕಾಗಿತ್ತು."

ಧರಣಿಯನ್ನು ಕರೆದರು. ಗುರುಸಿದ್ದಯ್ಯ ಹೊಸ ಬಿಲ್ಲೆ ಹಿಡಿದು ಎದ್ದ. ಮಗನ ಹೆಸರನ್ನು ಎತ್ತಬಾರದೆಂದುಕೊಂಡಿದ್ದರೂ ಎತ್ತಿದ. ಹೇಳದೆ ಹೋದವನ ಜಾಗವನ್ನು ಇನ್ನು ಕಾಯುವುದಿಲ್ಲ ಎಂದ. ಕೆಮ್ಮಿ ಬಿಲ್ಲೆಯನ್ನು ಅಂಗಿಗೆ ಒರೆಸಿದ.

ಅಷ್ಟರಲ್ಲಿ ಸಿದ್ದಲಿಂಗಮ್ಮ ಹಲಗೆಯ ಹತ್ತಿರ ಹೋಗಿದ್ದಳು. ಹಲ್ಲಿನಿಂದ ಸೆರಗಿನ ಗಂಟು ಬಿಚ್ಚಿದಳು. ಮಗ ಕಳಿಸಿದ್ದೇನೋ ತೋರಿಸುತ್ತಾಳೆ, ಎಂದುಕೊಂಡ ಗುರುಸಿದ್ದಯ್ಯ. ಸಿಟ್ಟು ಮರೆತು ಕತ್ತು ಚಾಚಿ ನೋಡಿದ. ಒಂದು ವಿಳಾಸವಿದ್ದರೂ ಸಾಕು. ಈಗಲೇ ಹೊರಟುಬಿಡುತ್ತಿದ್ದ.

ಅವಳು ಹದಿನೇಳನೆಯ ಮೊಳೆಗೆ ಏನನ್ನೋ ಹಾಕಿ ಕೈ ಬಿಟ್ಟಳು. ಅದು ಕಿಣ್ ಎಂದು ತೂಗಿತು. ಗುರುಸಿದ್ದಯ್ಯ ಹತ್ತಿರ ಹೋಗಿ ಬೆರಳಿನಿಂದ ತಡವಿದ. ಹಳೆಯ ಹಿತ್ತಾಳೆ. ಗಣಿಯ ಮುದ್ರೆ. ಮುಟ್ಟಿ ಮುಟ್ಟಿ ಸವೆದ ಹದಿನೇಳರ ಅಂಕಿ.

"ಅವತ್ತು ಇದು ಮೊಳೆ ಮೇಲೇ ಇತ್ತು, ಆಟಕ್ಕೆ ಓಡೋ ಆತುರದಲ್ಲಿ ಮರೆತವನೆ ಅಂದ್ಕೊಂಡೆ ಕಣ್ರೀ," ಎಂದಳು ಅವಳು. "ದಂಡ ಹಾಕ್ತಾರಲ್ಲ ಅಂತ ತೆಗೆದುಬುಟ್ಟೆ."

ಅಂದು ಯಾರೂ ಮನೆಗೆ ಹೊರಡಲಿಲ್ಲ.